ಎರಡನೆಯ ತೆಂಗಿನಕಾಯಿ

"ಕಾಯಿ ಎಲ್ಲಿ ಹೋತು ಅಂತ ಕೇಳ್ತೀರಿ? ಹೊಟ್ಟ್ಯಾಗ ಹೋತ್ರಿ," ಅಂದ ಅಮಸಿದ್ದಪ್ಪ.

ತುಬಚಿಯಲ್ಲಿ ಅವನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮಧುಮತಿ ನಗಲಿಲ್ಲ. "ಎರಡೂ ಹೋಳು?"

"ಎರಡೂ. ಬೀರಪ್ಪ ದೇವರ ಹೆಸರಿಲೆ ಒಡದ ಕಾಯಿ, ಅಲ್ಲೇ ಒಗದು ಬರಾಕ ಆಗತೈತೇನ್ರಿ? ಟಾವೆಲ್‌ನ್ಯಾಗ ಕಟಗೊಂಡು ಬಂದೆ. ಇಕಿ ಚಟ್ನಿ ಅರದ್ಲು."

ಒಳಗಿನಿಂದ ಅವನ ಹೆಂಡತಿ ಸುಂದರವ್ವನ ದನಿ ಬಂತು. "ಬಲತ ಕಾಯಿ ಯವ್ವಾ. ಚಿಪ್ಪ ಒಗದಿಲ್ಲ ನಾ. ಒಂದರಾಗ ಉಪ್ಪು, ಒಂದರಾಗ ಸಾಸವಿ ಇಟ್ಟೇನಿ."

"ಉಪ್ಪು ಸಾಸವಿ ಬ್ಯಾರೆ ಕಡೆ ಸುರುವಿ ಆ ಚಿಪ್ಪ ಇಷ್ಟು ಕೊಡ್ರಿ."

ಸುಂದರವ್ವ ಎರಡು ಚಿಪ್ಪು ತಂದು ಕೊಟ್ಟಳು. ಮಧುಮತಿ ಒಂದರ ಮೇಲೆ ಒಂದಿಟ್ಟು ಮೆಲ್ಲಗೆ ತಿರುಗಿಸಿದಳು. ಡಬ್ಬಿಗೆ ಮುಚ್ಚಳ ಕೂತಂತೆ ಕೂತವು. ಸುತ್ತಲೂ ಬೆರಳಾಡಿಸಿದಳು. ಎಲ್ಲಿಯೂ ಒಂದು ಚೂರು ಹಾರಿಹೋಗಿರಲಿಲ್ಲ.

ಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದಳು. ಅದರಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಚಿಪ್ಪಿನ ಚೂರಿತ್ತು. ಒಡೆದ ಎಂಜಿನ್ನಿನೊಳಗಿಂದ ಅವಳೇ ಕೈಯಾರೆ ಆರಿಸಿದ್ದು. ಈ ಚೂರಿಗೆ ಆ ಚಿಪ್ಪಿನಲ್ಲಿ ಜಾಗವೇ ಇರಲಿಲ್ಲ.

ಅಂದರೆ ಎಂಜಿನ್ನು ನುಂಗಿದ್ದು ಬೇರೆ ಕಾಯಿ.

ಕಳೆದ ಸೋಮವಾರ ಹೊಳೆಸಾಲು ಏರ್‌ವೇಸಿನ ಮೊಟ್ಟಮೊದಲ ಜೆಟ್ ವಿಮಾನಕ್ಕೆ ಲೋಕಾಪುರದಾಚೆಯ ರನ್‌ವೇಯಲ್ಲಿ ಪೂಜೆಯಾಯಿತು. ಪೂಜೆ ಮುಗಿದು ಎಂಜಿನ್ನು ತಿರುಗಿದ್ದೇ ತಡ, ಬಲಗಡೆಯದು ಸಿಡಿದು ನಿಂತಿತು. ಪೂಜಾರಿ ಅಮಸಿದ್ದಪ್ಪ ಒಡೆದ ಕಾಯಿಯ ಚೂರು, ಅವನು ಎರಚಿದ ಭಂಡಾರದ ಅರಿಶಿಣ, ಅವನ ಕಂಬಳಿಯ ಉಣ್ಣೆ ಎಂಜಿನ್ನಿನ ಬಾಯಿಗೆ ಹೋದವು ಎಂದು ಕಂಪನಿ ಬರೆದುಕೊಟ್ಟಿತು. ತಪ್ಪು ಪೂಜಾರಿಯ ಮಗ ಮಾಳುನದು ಎಂದೂ ಬರೆಯಿತು. ಅವನು ಆ ವಿಮಾನದ ಟೆಕ್ನಿಷಿಯನ್. ಎಂಜಿನ್ನು ತಿರುಗಿಸುವ ಮುಂಚೆ ಅದರ ಬಾಯೊಳಗೆ ಇಣುಕಿ ನೋಡುವ ಕೆಲಸ ಅವನದೇ. ತಪ್ಪು ಯಾರದೆಂದು ತಿಳಿಯುವ ಮೊದಲೇ ಅದನ್ನು ಯಾರ ತಲೆಗೆ ಕಟ್ಟಬೇಕೆಂದು ತಿಳಿಯುವುದು ದೊಡ್ಡ ಕಂಪನಿಗಳ ಲಕ್ಷಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇವತ್ತು ಸಂಜೆ ಜಮಖಂಡಿಯಲ್ಲಿ ಕಂಪನಿಯ ವಾರ್ಷಿಕ ಸಭೆ. ಮಾಳುನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ ಎಂದು ಅಧ್ಯಕ್ಷ ಗಿರಿಮಲ್ಲಪ್ಪ ಅಲ್ಲಿ ಸಾರುವವನಿದ್ದ. ಆಮೇಲೆ ಮಾಳುನ ಲೈಸೆನ್ಸ್ ಹೋಗುತ್ತದೆ. ಕುರಿ ಕಾಯುವ ಮನೆಯಿಂದ ಹೋಗಿ ವಿಮಾನ ಮುಟ್ಟಿದ ಮೊದಲ ಕೈ ಮತ್ತೆ ಸ್ಪ್ಯಾನರ್ ಹಿಡಿಯುವುದಿಲ್ಲ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಮಾಳುನಿಗಂತೂ ಚೆನ್ನಾಗಿಯೇ ಗೊತ್ತಿತ್ತು, ಅದಕ್ಕೇ ಅವನು ಕಟ್ಟೆಯ ಮೂಲೆಯಲ್ಲಿ ತಟ್ಟೆಯ ರೊಟ್ಟಿ ಮುರಿಯದೆ ಕೂತಿದ್ದ.

ಮಧುಮತಿಯನ್ನು ಕಳಿಸಿದ್ದು ಇನ್ಶೂರೆನ್ಸ್ ಕಂಪನಿ. ಅವರಿಗೆ ಯಾರು ಜೈಲಿಗೆ ಹೋದರೂ ಅಷ್ಟೇ, ಎಂಜಿನ್ನು ಹೇಗೆ ಒಡೆಯಿತೆಂದು ತಿಳಿದರೆ ಸಾಕು. ಮಧುಮತಿಗೆ ಅಷ್ಟೇ ಸಾಕಾಗುತ್ತಿರಲಿಲ್ಲ. ಆದರೆ ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವವಳಲ್ಲ.

"ಅಜ್ಜಾರ, ನಿಮ್ಮ ಕಂಬಳಿದು ಒಂದೆಳಿ ಕೊಡ್ರಿ. ಕಡ್ಡಿಪೆಟಗಿನೂ ಬೇಕು."

ಕಂಬಳಿಯ ಎಳೆಗೆ ಕಡ್ಡಿ ತಾಗಿಸಿದಳು. ಅದು ಮುದುಡಿಕೊಂಡು ಉರಿಯಿತು, ತಲೆಗೂದಲು ಸುಟ್ಟ ವಾಸನೆ ಕಟ್ಟೆಯ ತುಂಬ ಹರಡಿತು. ಆಮೇಲೆ ಪೊಟ್ಟಣದಿಂದ ಎಂಜಿನ್ನಿನ ಎಳೆಯೊಂದನ್ನು ತೆಗೆದು ಅದಕ್ಕೂ ಕಡ್ಡಿ ಹಿಡಿದಳು. ಭಗ್ ಎಂದು ಹೊತ್ತಿ ಕ್ಷಣದಲ್ಲಿ ಬೂದಿಯಾಯಿತು. ಬಂದದ್ದು ಕಾಗದ ಸುಟ್ಟ ವಾಸನೆ.

"ಇದು ಉಣ್ಣಿ ಅಲ್ಲ," ಅಂದ ಅಮಸಿದ್ದಪ್ಪ.

"ಅಲ್ಲ."

ಮಧುಮತಿ ಬನಹಟ್ಟಿಯವಳು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬದುಕಿದವರು. ಉಳಿದ ಎಳೆಗಳನ್ನು ಅಂಗೈ ಮೇಲೆ ಹರಡಿ ಬಿಸಿಲಿಗೆ ಹಿಡಿದಳು. ಎಣ್ಣೆ ಮಸಿಯ ಕೆಳಗೆ ಗಿಳಿಹಸಿರು, ನಡುವೆ ಅಂಚಿನ ಕೆಂಪು ಎಳೆ ಕಂಡಿತು. ಗುಳೇದಗುಡ್ಡದ ಹತ್ತಿನೂಲಿನ ಖಣ, ಕುಬಸ ಹೊಲಿಸುವ ಬಟ್ಟೆ.

ಪೊಟ್ಟಣದಲ್ಲಿದ್ದುದನ್ನೆಲ್ಲ ಒಂದು ತಾಟಿನಲ್ಲಿ ಇಟ್ಟಳು. ಚಿಪ್ಪಿನ ಚೂರು, ಖಣದ ಎಳೆ, ಎಣ್ಣೆಗೆ ಅಂಟಿಕೊಂಡಿದ್ದ ನಾಲ್ಕಾರು ಅಕ್ಕಿಕಾಳು. ಕೊನೆಯದು ಅರಿಶಿಣ. ಬೀರಪ್ಪನ ಭಂಡಾರ ಪುಡಿಯಾಗಿರುತ್ತದೆ. ಇದು ಪುಡಿಯಲ್ಲ, ಮುರಿದ ಅರಿಶಿಣದ ಬೇರು.

ಸುಂದರವ್ವ ತಾಟಿನ ಕಡೆ ನೋಡಿದಳು. ಆಮೇಲೆ ಮಧುಮತಿಯ ಮುಖ ನೋಡಿದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಸೊಸೆಯನ್ನು ಮನೆಗೆ ಕರೆದುಕೊಳ್ಳುವಾಗ, ಹೊಳೆ ತುಂಬಿ ಬಂದಾಗ ಮಡಿಲು ತುಂಬಲು ಈ ನಾಲ್ಕನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳದ ಹೆಂಗಸು ಈ ಸೀಮೆಯಲ್ಲಿ ಇಲ್ಲ.

"ಇಮಾನಕ್ಕ ಯಾರು ಉಡಿ ತುಂಬಿದ್ರ ಯವ್ವಾ?" ಅಂದಳು ಸುಂದರವ್ವ.

"ಅದನ್ನ ಕೇಳಾಕ ಬಂದೇನಿ ನಾನೂ."

"ನಾ ಏನೂ ನೋಡ್ಲಿಲ್ರಿ," ಅಂದ ಅಮಸಿದ್ದಪ್ಪ.

"ನೀವು ಎಡಗಡೆ ನಿಂತಿದ್ರಿ. ಬಂದ ಮಂದಿ ಎಲ್ಲಾರೂ ಎಡಗಡೆನ ಇದ್ರು, ಏಣಿ ಇದ್ದದ್ದು ಅಲ್ಲೆ. ಬಲಗಡೆ ಆಗೂದು ಯಾರಿಗೆ ಕಾಣಬೇಕು?" ಮಧುಮತಿ ಕಟ್ಟೆಯ ಮೂಲೆಗೆ ತಿರುಗಿದಳು. "ಮಾಳು, ನೀ ಬಲಗಡಿದು ನೋಡಿದ್ದೇನು?"

"ಎರಡೂ ನೋಡಿದ್ದೇರಿ. ಬ್ಯಾಟರಿ ಬಿಟ್ಟು ನೋಡಿದ್ದೆ. ಖಾಲಿ ಇದ್ದೂವು." ಮಾಳು ತಲೆ ಎತ್ತಲಿಲ್ಲ. "ಅಷ್ಟ್ರಾಗ ಯಾರೋ ಕೂಗಿದ್ರು, ನಿಮ್ಮಪ್ಪ ತಾಟು ಹಿಡಿಯಾಕ ಕರ್ಯಾಕತ್ತಾನ ಹೋಗು ಅಂತ. ಹೋದೆ. ತಿರುಗಿ ಬರೂದ್ರಾಗ ಎಂಜಿನ್ ಚಾಲೂ ಮಾಡಿಬಿಟ್ಟಿದ್ರು."

"ನಾ ಇವನ್ನ ಕರದಿಲ್ಲ," ಅಂದ ಅಮಸಿದ್ದಪ್ಪ. "ತಾನ ಬಂದಾ ಅಂತ ತಿಳಿದಿದ್ದೆ."

"ಕೂಗಿದವರು ಯಾರು?"

"ಡೊಳ್ಳಿನ ಗದ್ದಲದಾಗ ದನಿ ಗುರ್ತು ಸಿಗಲಿಲ್ರಿ."

ಮಧುಮತಿ ಎದ್ದಳು. ಅಂಗಳದಲ್ಲಿ ಆಡುಗಳು ಮೇವಿಗೆ ಹೊರಟು ನಿಂತಿದ್ದವು. ಅವಳು ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ನಿಂತುಬಿಟ್ಟಳು.

ಪ್ರತಿಯೊಂದು ಆಡಿನ ಕೊರಳಲ್ಲೂ ಒಂದೊಂದು ಬಿಳಿ ಪಟ್ಟಿ ತೂಗುತ್ತಿತ್ತು. ಪಟ್ಟಿಯ ಮೇಲೆ ನೀಲಿ ಅಕ್ಷರ: ಹೊಳೆಸಾಲು ಏರ್‌ವೇಸ್. ವಿಮಾನ ಹತ್ತುವವರ ಬ್ಯಾಗಿಗೆ ಕಟ್ಟುವ ಚೀಟಿ.

"ಏನಿದು ಅಜ್ಜಾರ?"

"ಮಂದಿ ಆಡಿನೊಳಗ ನಮ್ಮ ಆಡು ಕೂಡಿದ್ರ ಗುರ್ತು ಸಿಗಲಿ ಅಂತ ಕಟ್ಟೇವ್ರಿ. ಭಾಳ ಗಟ್ಟಿ ಅದಾವ. ಹರಿಯೂದಿಲ್ಲ, ತೊಯ್ಯೂದಿಲ್ಲ."

"ಎಲ್ಲಿಂದ ಬಂದೂವು ಇಷ್ಟು?"

"ಬೆಂಗಳೂರಿಗೆ ಹೋದಾಗ ಕೊಟ್ಟಿದ್ರು. ಒಮ್ಮೆ ಹೋದ್ರ ಒಂದು."

"ನೀವು ಎಷ್ಟ ಸಲ ಹೋಗೀರಿ?"

ಅಮಸಿದ್ದಪ್ಪ ಆಡುಗಳ ಕಡೆ ಕೈ ಮಾಡಿದ. "ನೀವ ಎಣಿಸಿಕೋರಿ. ನಾನಷ್ಟ ಅಲ್ಲ, ನಮ್ಮ ಓಣಿಯವರೆಲ್ಲಾ ಹೋಗ್ಯಾರ. ಕಬ್ಬು ಕಡಿಯೂ ಮಂದಿನೂ ಹೋಗ್ಯಾರ. ಕಂಪನಿ ಟಂಟಂ ಗಾಡಿ ಬರತಿತ್ತು. ಪುಕ್ಕಟೆ. ಉಪ್ಪಿಟ್ಟು ಬ್ಯಾರೆ ಕೊಡತಿದ್ರು."

"ಬೆಂಗಳೂರಾಗ ಏನ್ ನೋಡಿದ್ರಿ?"

"ಊರೊಳಗ ಎಲ್ಲಿ ಬಿಡತಾರ್ರಿ? ಇಳದ್ವಿ, ಚಾ ಕುಡದ್ವಿ, ಮತ್ತ ಅದ ಇಮಾನ ಹತ್ತಿದ್ವಿ. ಬೀಗರ ಊರಿಗೆ ಹೋದಂಗ ಮುಂಜಾನೆ ಹೋಗೂದು, ಹೊತ್ತು ಮುಣಗೂದ್ರಾಗ ಮನಿ. ಚಾನೂ ಅಷ್ಟ ಛಲೋ ಇರಲಿಲ್ಲ."

ಮಧುಮತಿ ಈಗ ನಕ್ಕಳು. ಆದರೆ ಅದು ಖುಷಿಯ ನಗುವಲ್ಲ.

ಅವಳ ಚೀಲದಲ್ಲಿ ಕಂಪನಿಯ ವಾರ್ಷಿಕ ವರದಿ ಇತ್ತು. ನುಣುಪು ಕಾಗದ, ಬಣ್ಣದ ಮುದ್ರಣ. ಕಳೆದ ವರ್ಷ ಹತ್ತರಲ್ಲಿ ಒಂಬತ್ತು ಸೀಟು ತುಂಬಿ ಹಾರಿದವು, ಕಂಪನಿ ಹುಟ್ಟಿದ ಮೇಲೆ ಮೊದಲ ಸಲ ಲಾಭ ಕಂಡಿದೆ, ಆದ್ದರಿಂದ ಪಂಖದ ಚಿಕ್ಕ ವಿಮಾನಗಳನ್ನು ಬಿಟ್ಟು ಜೆಟ್ಟಿಗೆ ಏರುತ್ತಿದ್ದೇವೆ ಎಂದು ಅದು ಹಾಡಿ ಹೊಗಳಿಕೊಂಡಿತ್ತು. ರಬಕವಿಯ ಸೀರೆ ವ್ಯಾಪಾರಿಗಳು ಮುಂಬಯಿಗೆ ಹಾರುತ್ತಾರೆ, ಮುಧೋಳದ ಕಬ್ಬಿನ ಸಾಹುಕಾರರು ಬೆಂಗಳೂರಿಗೆ ಹಾರುತ್ತಾರೆ, ಇದು ನಮ್ಮ ಮಣ್ಣಿನ ವಿಮಾನ ಎಂದೆಲ್ಲ ಬರೆದಿದ್ದರು. ತುಬಚಿಯ ಆಡುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ.

ವರದಿಯ ಮುಖಪುಟಕ್ಕೆ ಸೋಮವಾರದ ಪೂಜೆಯ ಫೋಟೋವನ್ನೇ ಹಾಕಿದ್ದರು. ಅಮಸಿದ್ದಪ್ಪ ಕಾಯಿ ಎತ್ತಿದ್ದಾನೆ. ಮಾಳು ತಾಟು ಹಿಡಿದಿದ್ದಾನೆ. ಸುತ್ತ ಅಧ್ಯಕ್ಷರ ಮನೆಯ ಹೆಣ್ಣುಮಕ್ಕಳು, ಷೇರಿನವರು, ಎಲ್ಲರೂ ಕೈಮುಗಿದಿದ್ದಾರೆ. ಅಧ್ಯಕ್ಷ ಗಿರಿಮಲ್ಲಪ್ಪ ಒಬ್ಬನೇ ದೇವರ ಮುಂದೆಯೂ ಮೊಬೈಲು ಕಿವಿಗೆ ಹಚ್ಚಿಕೊಂಡಿದ್ದಾನೆ. ದೊಡ್ಡವರ ಭಕ್ತಿಗೆ ಪುರುಸೊತ್ತು ಕಡಿಮೆ ಎಂದು ಮಧುಮತಿ ಆ ಫೋಟೋ ಕಂಡ ದಿನವೇ ಅಂದುಕೊಂಡಿದ್ದಳು.

ಈಗ ಅವಳು ಹುಡುಕಿದ್ದು ಫೋಟೋದಲ್ಲಿ ಇಲ್ಲದವರನ್ನು. ಗಿರಿಮಲ್ಲಪ್ಪನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಅಂಥ ಪೂಜೆಯಲ್ಲಿ ಆ ಜಾಗ ಹೆಂಡತಿಯದು.

*

ಜಮಖಂಡಿಯ ಸಾಹುಕಾರರ ಮನೆಯ ಹಿತ್ತಲಲ್ಲಿ ನಾಲ್ಕು ಒಲೆ ಹೊತ್ತಿದ್ದವು. ಸಂಜೆ ಸಭೆಗೆ ಬರುವ ಷೇರಿನವರಿಗೆ ಶೇಂಗಾ ಹೋಳಿಗೆ. ಲಾಭನಷ್ಟ ಯಾರಿಗೆ ತಿಳಿಯುತ್ತದೋ ಬಿಡುತ್ತದೋ, ಹೋಳಿಗೆ ಎಲ್ಲರಿಗೂ ತಿಳಿಯುತ್ತದೆ.

ಗಿರಿಮಲ್ಲಪ್ಪನ ಹೆಂಡತಿ ಶಂಕ್ರೆವ್ವ ಆಳುಗಳ ನಡುವೆ ತಾನೂ ಕೂತು ಲಟ್ಟಿಸುತ್ತಿದ್ದಳು. ಹಣೆಯ ತುಂಬ ವಿಭೂತಿ, ಕೈ ತುಂಬ ಹಸಿರು ಬಳೆ. ಅವಳ ಕುಬಸ ಗಿಳಿಹಸಿರು, ತೋಳಿನಂಚು ಕೆಂಪು. ಮಧುಮತಿ ಅದನ್ನು ಬಾಗಿಲಲ್ಲೇ ನೋಡಿದಳು.

"ಬರ್ರಿ ಅಕ್ಕಾರ, ಕೂಡ್ರಿ. ಚಾ ತಗೋತೀರೋ, ಮಜ್ಜಿಗಿನೋ?"

"ಏನೂ ಬ್ಯಾಡ್ರಿ ಅವ್ವಾರ. ಒಂದ ಮಾತು ಕೇಳಿ ಹೋಗ್ತೇನಿ."

"ಕೇಳ್ರಿ. ಕೈ ನಿಲ್ಲೂದಿಲ್ಲ, ಮಾತ ನಡೀಲಿ."

ಮಧುಮತಿ ಮಣೆ ಎಳೆದು ಹತ್ತಿರ ಕೂತು ವರದಿಯ ಮುಖಪುಟ ತೋರಿಸಿದಳು. "ಇದರಾಗ ಎಲ್ಲಾರೂ ಅದಾರ. ನೀವ ಇಲ್ಲ."

ಶಂಕ್ರೆವ್ವ ನೋಡಿ ನಕ್ಕಳು. "ನಾ ಆ ಕಡೆ ಇದ್ದೆ."

"ಬಲಗಡೆ?"

"ಹೂಂ."

"ಉಡಿ ತುಂಬಾಕ?"

ಶಂಕ್ರೆವ್ವನ ಮುಖ ಅರಳಿತು. "ನಿಮಗ ಹೆಂಗ ಗೊತ್ತಾತು? ಈ ಗಂಡಸರಿಗೆ ಯಾರಿಗೂ ನೆಪ್ಪಿರಲಿಲ್ಲ ನೋಡ್ರಿ. ಕಾಯಿ ಒಡದು, ಭಂಡಾರ ಹಾರಿಸಿಬಿಟ್ರ ಆತು ಅಂತಾರ. ಮನಿಗೆ ಹೊಸಾ ಸೊಸಿ ಬಂದ್ರ ಉಡಿ ತುಂಬದ ಒಳಗ ಕರಕೋತೀವೇನು? ಪಂಖದ ಇಮಾನ ಬಂದಾಗೂ ನಾನ ತುಂಬಿದ್ದೆ."

"ಅವಕ್ಕ ಎಲ್ಲಿ ತುಂಬಿದ್ರಿ?"

"ಅವಕ್ಕ ಉಡಿ ಎಲ್ಲಿತ್ತು? ಗಾಲಿ ಮುಂದ ಖಣ ಹಾಸಿ ಇಟ್ಟಿದ್ದೆ. ಇಮಾನ ಹೋಗೂ ಮುಂದ ತಗದು ಹಂಚಿದ್ವಿ." ಶಂಕ್ರೆವ್ವ ಲಟ್ಟಣಿಗೆ ಬದಿಗಿಟ್ಟು ಎರಡೂ ಕೈಯಿಂದ ಬುಟ್ಟಿಯ ಆಕಾರ ಮಾಡಿ ತೋರಿಸಿದಳು. "ಇದಕ್ಕ ರೆಕ್ಕಿ ಕೆಳಗ ಇಷ್ಟು ದೊಡ್ಡದು ಐತಲ್ರಿ! ಹೆಣಮಗಳು ಸೆರಗೊಡ್ಡಿ ನಿಂತಂಗ ಐತಿ. ಖಣದಾಗ ಅಕ್ಕಿ, ಕಾಯಿ, ಅರಿಶಿಣ ಬೇರು ಎಲ್ಲಾ ಕಟ್ಟಿ ಒಳಗ ಇಟ್ಟು ಕೈ ಮುಗದೆ."

"ಆಮ್ಯಾಲ ತಗೀಲಿಲ್ಲೇನು?"

"ಅದ ಹಾರಿ ಇಳದ ಮ್ಯಾಲ ತಗಿಬೇಕು ಅಂದಾ ನನ್ನ ಮಗಾ."

ಒಲೆಯ ಮೇಲೆ ಹೋಳಿಗೆ ಉಬ್ಬಿತು. ಆಳುಮಗಳು ಅದನ್ನು ಮಗುಚಿದಳು.

"ಖರೆ ಹೇಳಬೇಕಂದ್ರ," ಶಂಕ್ರೆವ್ವ ಮುಂದುವರಿಸಿದಳು, "ಆ ಪೂಜಾರಿ ಮುದುಕಪ್ಪ ಕಾಯಿ ಅಷ್ಟು ಜೋರಾಗಿ ಒಡೀಬಾರದಿತ್ತು. ಪಾಪ, ಅವನ ಮಗಾ ಮನಿ ಮುಂದ ಬಂದು ನನ್ನ ಕಾಲ ಹಿಡದಾ. ಅವ್ವಾರ, ಸಾಹುಕಾರ್ರಿಗೆ ಹೇಳ್ರಿ ಅಂದಾ. ನನಗ ಊಟ ಸೇರಲಿಲ್ಲ ಅವತ್ತ. ಹೇಳಿದೆ. ಇವರು ಕೇಳಲಿಲ್ಲ."

ಮಧುಮತಿ ಪೊಟ್ಟಣ ತೆಗೆದು ಹೋಳಿಗೆಯ ಮಣೆಯ ಮೇಲಿಟ್ಟಳು. ಆಳುಗಳಿಗೆ ಕಣ್ಣಲ್ಲೇ ಹೊರಗೆ ಹೋಗಲು ಹೇಳಿದಳು. ಅವರು ಹೋದರು.

"ಪೂಜಾರಿ ಒಡದ ಕಾಯಿದು ಎರಡೂ ಚಿಪ್ಪು ಅವನ ಮನ್ಯಾಗ ಅದಾವ ಅವ್ವಾರ. ಒಂದ ಚೂರೂ ಹೋಗಿಲ್ಲ. ನಾನ ಕೂಡಿಸಿ ನೋಡೇನಿ. ಇದು ಎಂಜಿನ್ನಿನೊಳಗ ಸಿಕ್ಕದ್ದು."

ಶಂಕ್ರೆವ್ವ ಮೊದಲು ಚಿಪ್ಪಿನ ಚೂರು ನೋಡಿದಳು. ಆಮೇಲೆ ಗಿಳಿಹಸಿರು ಎಳೆ ನೋಡಿದಳು. ಕೈ ತಾನಾಗಿಯೇ ತೋಳಿನ ಕೆಂಪಂಚಿಗೆ ಹೋಯಿತು. ಎರಡೂ ಒಂದೇ ಖಣದ ತುಂಡು. ಅರ್ಧ ಕುಬಸಕ್ಕೆ, ಅರ್ಧ ಉಡಿಗೆ.

ಹಂಚಿನ ಮೇಲಿನ ಹೋಳಿಗೆ ಕರಕಾಗತೊಡಗಿತು. ಇಬ್ಬರೂ ತೆಗೆಯಲಿಲ್ಲ.

"ನಾನ ಮುರದೇನೇನು ಅದನ್ನ?" ಅಂದಳು ಶಂಕ್ರೆವ್ವ.

"ಅದು ತಿರುಗಿದ್ರ ಏನಾಗತೈತಿ ಅಂತ ನಿಮಗ ಗೊತ್ತಿರಲಿಲ್ಲ. ಗೊತ್ತಿದ್ದವರು ನಿಮ್ಮ ಬಾಜೂಕ ನಿಂತಿದ್ರು."

"ಕಲ್ಮೇಶಗ ಗೊತ್ತಿರಲಿಲ್ಲ."

ಕಲ್ಮೇಶ ಒಬ್ಬನೇ ಮಗ. ಕಂಪನಿ ನಡೆಸುವವನು ಅವನೇ. ಜೆಟ್ಟನ್ನು ನೋಡಿ ಆರಿಸಿ ತರಲು ಎರಡು ಸಲ ವಿದೇಶಕ್ಕೆ ಹೋಗಿ ಬಂದವನು. ಎಂಜಿನ್ನಿನ ಬಾಯಿಗೆ ಒಂದು ಹಕ್ಕಿ ಹೋದರೂ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲವೆಂದರೆ ಮೀನಿಗೆ ಈಜು ಬಾರದು ಎಂದ ಹಾಗೆ.

"ಅವ್ವಾರ—"

"ಅವಗ ಗೊತ್ತಿರಲಿಲ್ಲ ಅಂದೆ." ಎರಡನೆಯ ಸಲ ಹೇಳುವಾಗ ದನಿ ಸಣ್ಣಗಾಗಿತ್ತು.

"ಬಲಗಡೆಗೇ ಯಾಕ ಹೋದ್ರಿ?"

"ನಾ ಎಡಗಡೆನ ತುಂಬಾಕ ನಿಂತಿದ್ದೆ, ಎಲ್ಲಾರ ಮುಂದ. ಅಷ್ಟ್ರಾಗ ಅವಗ ಯಾರದೋ ಫೋನ್ ಬಂತು. ಹೂಂ, ಹೂಂ ಅಂದಾ. ಫೋನ್ ಕಿವಿಗೆ ಇಟಗೊಂಡ, ಅವ್ವಾ, ಶುಭ ಕೆಲಸ ಬಲಕ್ಕ ಆಗಬೇಕು, ಆ ಕಡೆ ಬಾ ಅಂದಾ..."

ತಾನು ಏನು ಹೇಳಿಬಿಟ್ಟೆ ಎಂದು ಶಂಕ್ರೆವ್ವನಿಗೆ ಆಗ ತಿಳಿಯಿತು. ಹಿಟ್ಟು ಮೆತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

ಮಧುಮತಿಗೆ ಆ ಹೆಂಗಸನ್ನು ನೋಡಿ ಮರುಕ ಬಂತು. ಮರುಕ ಬಂದಾಗ ಅವಳು ಇನ್ನಷ್ಟು ಸಪ್ಪೆಯಾಗಿ ಮಾತಾಡುತ್ತಾಳೆ. ತುಬಚಿಯ ಆಡುಗಳ ಕೊರಳಿನ ಚೀಟಿಯ ಸಂಗತಿ ಹೇಳಿದಳು. ವರ್ಷವಿಡೀ ತುಂಬಿ ಹಾರಿದ ಸೀಟುಗಳಲ್ಲಿ ಅರ್ಧ ಪುಕ್ಕಟೆ ಕೂತವರು. ತುಂಬಿದ ಸೀಟು ನೋಡಿ ಜೆಟ್ಟಿನವರು ಜೆಟ್ ಕೊಟ್ಟರು. ಜೆಟ್ಟಿನಲ್ಲಿ ಸೀಟು ಮೂರು ಪಟ್ಟು. ಕುರುಬರ ಓಣಿಯನ್ನೆಲ್ಲ ಆಡು ಸಮೇತ ಹತ್ತಿಸಿದರೂ ಅದು ತುಂಬುವುದಿಲ್ಲ. ಹಾರಲು ಶುರುವಾದರೆ ಒಂದೇ ತಿಂಗಳಲ್ಲಿ ಬಣ್ಣ ಬಯಲು.

"ಅದು ಹಾರಬಾರದಿತ್ತು, ಅವ್ವಾರ. ಯಾರೋ ಅಡ್ಡ ಬಂದ್ರು, ದೈವ ಕೈ ಕೊಟ್ತು ಅನ್ನಿಸಬೇಕಿತ್ತು. ಎಂಜಿನ್ನಿನ ರೊಕ್ಕ ಇನ್ಶೂರೆನ್ಸ್ ಕೊಡತೈತಿ. ತಪ್ಪು ಹೊರಾಕ ಕಂಬಳಿ ಹೊತ್ತಾವ ಒಬ್ಬ ಎದುರಿಗೇ ಇದ್ದಾ. ಬೀಳಗಿ ಕಡೆಯವರು ಆಲಮಟ್ಟಿ ನೀರಾಗ ಹೊಲ ಕಳಕೊಂಡು, ಸಿಕ್ಕ ಪರಿಹಾರಾನ ಈ ಕಂಪನ್ಯಾಗ ಹಾಕ್ಯಾರ. ಅವರಿಗೆ ಇದು ಗೊತ್ತಾಗೂದು ಯಾವಾಗ?"

ಶಂಕ್ರೆವ್ವ ಕರಕಾದ ಹೋಳಿಗೆಯನ್ನು ಬರಿಗೈಯಲ್ಲೇ ತೆಗೆದು ಬೂದಿಗೆ ಹಾಕಿದಳು.

"ಸಂಜಿಕ ಸಭಾಕ್ಕ ಬರ್ತೇನಿ. ಉಡಿ ತುಂಬಿದಾಕಿ ನಾನು ಅಂತ ಹೇಳ್ತೇನಿ. ಆ ಹುಡುಗನ್ನ ಬಿಡಲಿ. ಅಷ್ಟ. ಬ್ಯಾರೆ ಯಾರ ಹೆಸರೂ ನನ್ನ ಬಾಯಾಗ ಬರೂದಿಲ್ಲ. ನೀವೂ ಕೇಳಬಾರದು."

"ನಾ ಕೇಳೂದಿಲ್ಲ," ಅಂದಳು ಮಧುಮತಿ.

ಅವಳು ಮಾತಿಗೆ ತಪ್ಪುವವಳಲ್ಲ. ಆದರೆ ಆ ಪ್ರಶ್ನೆ ಕೇಳಲು ಅವಳೇ ಬೇಕೆಂದೇನೂ ಇರಲಿಲ್ಲ.

*

ಕಲ್ಯಾಣಮಂಟಪ ತುಂಬಿತ್ತು. ಬೀಳಗಿಯವರು ಮುಂದಿನ ಸಾಲು ಹಿಡಿದಿದ್ದರು. ರಬಕವಿಯ ವ್ಯಾಪಾರಿಗಳು ಪಂಖದ ಕೆಳಗೆ ಕೂತಿದ್ದರು. ಹಿಂದಿನ ಗೋಡೆಗೆ ಒರಗಿ ಅಮಸಿದ್ದಪ್ಪ, ಪಕ್ಕದಲ್ಲಿ ಮಾಳು. ಅವರ ಅಕ್ಕಪಕ್ಕದ ಕುರ್ಚಿಗಳಲ್ಲಿ ಯಾರೂ ಕೂತಿರಲಿಲ್ಲ. ಬಾಗಿಲ ಹೊರಗೆ ಪೊಲೀಸ್ ಜೀಪು ನಿಂತಿತ್ತು.

ವೇದಿಕೆಯ ಹಿಂದೆ ಗೋಡೆಯಗಲದ ಫ್ಲೆಕ್ಸು. ಅದೇ ಪೂಜೆಯ ಫೋಟೋ, ಈಗ ಆಳೆತ್ತರ.

ಗಿರಿಮಲ್ಲಪ್ಪನಿಗೆ ಮೈಕು ಹಿಡಿದರೆ ಹುರುಪು. ಪೇಟ ಸರಿಮಾಡಿಕೊಂಡು ವರ್ಷದ ಲೆಕ್ಕ ಒಪ್ಪಿಸಿದ. ತುಂಬಿದ ಸೀಟುಗಳ ಮಾತಿಗೆ ಚಪ್ಪಾಳೆ ಬಿತ್ತು. ಲಾಭದ ಮಾತಿಗೆ ಇನ್ನೂ ಜೋರಾಗಿ ಬಿತ್ತು. ಒಂದು ಎಂಜಿನ್ನು ಹೋದರೆ ಹೋಗಲಿ, ಇನ್ನೊಂದು ಬರುತ್ತದೆ, ಹೊಳೆಸಾಲಿನ ಮಂದಿ ಹೊಳೆಯನ್ನೇ ಎದುರಿಸಿದವರು ಎಂದ. ವೇದಿಕೆಯ ಕೊನೆಯ ಕುರ್ಚಿಯಲ್ಲಿ ಮಗ ಕಲ್ಮೇಶ ನೆಲ ನೋಡುತ್ತ ಕೂತಿದ್ದ. ಚಪ್ಪಾಳೆಗೆ ಅವನ ಕೈ ಏಳಲಿಲ್ಲ.

"ಇನ್ನ ಆ ದಿನದ ಮಾತು," ಅಂದ ಗಿರಿಮಲ್ಲಪ್ಪ. "ಕೆಲಸದಾಗ ಬೇಪರ್ವಾಯಿ ಮಾಡಿದಾವ ನಮ್ಮವನ ಆದ್ರೂ ಬಿಡೂದಿಲ್ಲ. ಮಾಳು ಅನ್ನೂ ಟೆಕ್ನಿಷಿಯನ್—"

"ಅವನ್ನ ಬಿಡ್ರಿ."

ದನಿ ಹೆಂಗಸರ ಸಾಲಿನಿಂದ ಬಂತು. ಶಂಕ್ರೆವ್ವ ಎದ್ದು ನಿಂತಿದ್ದಳು. ಈ ಕಂಪನಿಯ ಯಾವ ಸಭೆಯಲ್ಲೂ ಅವಳು ಬಾಯಿ ತೆರೆದವಳಲ್ಲ. ಇಡೀ ಮಂಟಪ ಅವಳ ಕಡೆ ತಿರುಗಿತು.

"ಪೂಜಾರಿ ಕಾಯಿ ಅಲ್ಲ ಅದು. ನನ್ನ ಕಾಯಿ. ಬಲಗಡೆ ಇಂಜಿನ್‌ನ್ಯಾಗ ಉಡಿ ತುಂಬಿದಾಕಿ ನಾನು. ಖಣ, ಅಕ್ಕಿ, ಅರಿಶಿಣ ಬೇರು, ಕಾಯಿ, ಎಲ್ಲಾ ನಾನ ಇಟ್ಟೆ. ಆ ಹುಡುಗ ನೋಡಿ ಹೋದ ಮ್ಯಾಲ ಇಟ್ಟೆ. ಅವಂದೇನೂ ತಪ್ಪಿಲ್ಲ."

ಹಿಂದಿನ ಗೋಡೆಗೆ ಒರಗಿದ್ದ ಮಾಳು ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿದ್ದುದು ಮಧುಮತಿಗೆ ಮುಂದಿನಿಂದಲೇ ಕಂಡಿತು. ಅಮಸಿದ್ದಪ್ಪ ಮಗನ ಬೆನ್ನ ಮೇಲೆ ಕೈಯಿಟ್ಟ.

ಗಿರಿಮಲ್ಲಪ್ಪನ ಮುಖದಲ್ಲಿ ಬಣ್ಣ ಬಂದು ಹೋಯಿತು. ಆದರೆ ಅವನು ಮೈಕು ಬಿಡುವ ಜಾತಿಯವನಲ್ಲ. ಹೆಂಡತಿ ಸುಮ್ಮನೆ ಬಲಗಡೆ ಹೋಗಿರಲಾರಳು, ಯಾರೋ ಹಾದಿ ತೋರಿಸಿರಬೇಕು ಎಂದು ಮಂದಿ ಕೇಳುವ ಮೊದಲೇ ತಾನೇ ಕೇಳುವುದು ಮೇಲೆಂದು ಅವನ ತಲೆ ಆಗಲೇ ಓಡಿತ್ತು. ಅವಳ ಬಾಯಲ್ಲಿ ಮಾಳುನ ಹೆಸರೇ ಬರಲಿ ಎಂಬುದು ಅವನ ಆಸೆ.

"ನೀ ಒಬ್ಬಾಕಿನ ಆ ಕಡೆ ಹೋಗಿಲ್ಲ. ಯಾರು ಕರಕೊಂಡು ಹೋದ್ರು? ಹೆಸರು ಹೇಳು. ಈಗಿಂದೀಗ ಪೊಲೀಸರ ಕೈಯಾಗ ಕೊಡ್ತೇನಿ."

ಶಂಕ್ರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವೇದಿಕೆಯ ಕಡೆ ನೋಡಲಿಲ್ಲ.

"ಹೆಸರು ಹೇಳು!"

ಮಧುಮತಿ ಕೇಳದ ಪ್ರಶ್ನೆಯನ್ನು ಶಂಕ್ರೆವ್ವನ ಗಂಡನೇ ಮೈಕಿನಲ್ಲಿ ಕೇಳುತ್ತಿದ್ದ.

"ಅವ್ವನ್ನ ಯಾಕ ಕಾಡ್ತೀರಿ ಅಪ್ಪಾ?" ಕೊನೆಯ ಕುರ್ಚಿಯಿಂದ ಕಲ್ಮೇಶ ಎದ್ದ. ಅವನಿಗೆ ಮೈಕಿರಲಿಲ್ಲ, ಬೇಕಾಗಲೂ ಇಲ್ಲ. "ಕರಕೊಂಡು ಹೋದಾವ ನಾನು. ಮಾಳುನ್ನ ಕೂಗಿ ಕಳಿಸಿದಾವನೂ ನಾನ."

ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಕುರ್ಚಿಯಿಂದ ಅರ್ಧ ಎದ್ದು ನಿಂತ.

"ಆದ್ರ ಎಲ್ಲಾರ ಮುಂದ ಬ್ಯಾಡ, ನಿಮ್ಮವ್ವನ್ನ ಬಲಗಡೆ ಒಯ್ಯಿ, ಅಲ್ಲೆ ಯಾರೂ ಇಲ್ಲ ಅಂತ ನನಗ ಫೋನ್ ಮಾಡಿ ಹೇಳಿದವರು ಯಾರು? ಅದನ್ನ ನೀವ ಹೇಳ್ರಿ. ನನ್ನೊಬ್ಬನ್ನ ಕೊಟ್ಟು ನೀವು ಲಾಭ ಓದಿಕೋತ ನಿಲ್ಲಾಕ ಆಗೂದಿಲ್ಲ."

ಮೊದಲು ಫ್ಲೆಕ್ಸಿನ ಕಡೆ ನೋಡಿದವರು ಯಾರೆಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ. ಒಬ್ಬರು ನೋಡಿದರು, ಪಕ್ಕದವರು ನೋಡಿದರು, ಸಾಲು ಸಾಲೇ ತಲೆ ಎತ್ತಿತು. ಎಲ್ಲರೂ ಕೈಮುಗಿದು ನಿಂತ ಪೂಜೆಯಲ್ಲಿ ಅಧ್ಯಕ್ಷರೊಬ್ಬರೇ ಆಳೆತ್ತರವಾಗಿ ಮೊಬೈಲು ಕಿವಿಗೆ ಹಚ್ಚಿಕೊಂಡಿದ್ದರು. ಪಕ್ಕದಲ್ಲಿ ಹೆಂಡತಿಯ ಜಾಗ ಖಾಲಿ ಇತ್ತು.

ಬೆನ್ನ ಹಿಂದೆ ಇದ್ದುದರಿಂದ ಗಿರಿಮಲ್ಲಪ್ಪನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಮಂದಿಯ ಕಣ್ಣು ಹಿಡಿದು ಅವನೂ ಹಿಂದಿರುಗಿ ನೋಡಿದ.

"ಆ ಫೋನು ಇವಗ ಮಾಡಿದ್ದಲ್ಲ," ಅಂದ.

"ಮತ್ತ ಯಾರಿಗೆ?"

ಕೇಳಿದವಳು ಶಂಕ್ರೆವ್ವ. ಅವಳು ಸಾಲು ಬಿಟ್ಟು ವೇದಿಕೆಯ ಕಡೆ ನಡೆದಿದ್ದಳು. ದಾರಿಯಲ್ಲಿದ್ದವರು ಕಾಲು ಮಡಚಿ ಜಾಗ ಬಿಟ್ಟರು. ಈಗ ಮಾಳುನ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಉಳಿದದ್ದು ಎರಡೇ ಹೆಸರು. ಇಬ್ಬರಿಗೂ ದಿನಾ ಅನ್ನ ಬಡಿಸುವ ಕೈ ಅವಳದು.

"ನನ್ನ ಕೈಲೆ ಯಾರು ಮಾಡಿಸಿದ್ರಿ?" ಅಂದಳು. "ನೀವೋ, ಇವನೋ?"

ಗಿರಿಮಲ್ಲಪ್ಪ ಮೈಕಿನ ಗುಂಡಿ ಆರಿಸಿದ. ಬಗ್ಗಿ ಹೆಂಡತಿಗೆ ಏನೋ ಹೇಳಿದ. ಮಂಟಪಕ್ಕೆ ಕೇಳಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿದ್ದ ಮಧುಮತಿಗೆ ಕೇಳಿತು.

"ಮನೀಗಿ ನಡಿ. ಅಲ್ಲೆ ಹೇಳ್ತೇನಿ."

ಶಂಕ್ರೆವ್ವ ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಇಲ್ಲೇ ಹೇಳ್ರಿ," ಅಂದಳು.